ಅಡಮಾನದ ಸಾಲವನ್ನು ಬೇರೊಬ್ಬರಿಗೆ ಬದಲಾಯಿಸುವ ವಿಚಾರ

ಜಮೀನನ್ನು ಅಡವಿಟ್ಟು ಸಾಲ ಪಡೆದಿರುವ ರೈತನಿಗೆ, ತಾನು ತೆರುತ್ತಿರುವುದಕ್ಕಿಂತ ಕಡಮೆ ಬಡ್ಡಿಗೆ ಹಣ ಕೊಡುವವರು ಬೇರೆ ಕಡೆ ಇದ್ದಾರೆಂಬ ಸಮಾಚಾರವು ಒಂದಲ್ಲ ಒಂದು ದಿನ ಕಿವಿಗೆ ಬೀಳುವುದು. ಆಗ ಕೆಲವರು ಮಾರನೆಯ ದಿನವೇ ಕಾಗದಪತ್ರಗಳನ್ನು ಹಿಡಿದು ಹೊರಡುವರು. ಮತ್ತೆ ಕೆಲವರು, ತಂದೆಯ ಕಾಲದಿಂದ ನಡೆದುಬಂದ ಸಾಹುಕಾರನನ್ನು ಬಿಡುವುದು ಹೇಗೆಂದು ಸುಮ್ಮನಾಗುವರು. ಈ ಎರಡು ವಿಧದವರೂ ಲೆಕ್ಕ ಹಾಕಿ ನೋಡಿರುವುದಿಲ್ಲ. ಸಾಲವನ್ನು ಬದಲಾಯಿಸುವುದರಿಂದ ಜಮೀನು ಉಳಿದ ಮನೆಗಳೂ ಉಂಟು. ಬಡ್ಡಿಯ ದರ ಇಳಿದರೂ ಸಾಲ ಬೆಳೆದ ಮನೆಗಳೂ ಉಂಟು. ಬಡ್ಡಿಯ ದರವೊಂದನ್ನೇ ನೋಡಿದರೆ ಈ ವ್ಯತ್ಯಾಸಕ್ಕೆ ಕಾರಣ ತಿಳಿಯುವುದಿಲ್ಲ. ಇನ್ನೂ ಎಷ್ಟು ಅಸಲು ಉಳಿದಿದೆ, ಎಷ್ಟು ವರ್ಷ ತೆರಬೇಕಾಗಿದೆ, ಬದಲಾಯಿಸುವುದಕ್ಕೆ ಎಷ್ಟು ಖರ್ಚು ಬೀಳುವುದು, ಕೊನೆಗೆ ಕೈಬಿಟ್ಟು ಹೋಗುವ ಒಟ್ಟು ಹಣವೆಷ್ಟು ಎಂಬುವನ್ನು ಕೂಡಿಸಿ ನೋಡಿದರೆ ಮಾತ್ರ ತಿಳಿಯುವುದು.

ಈ ವಿಚಾರವು ನಮ್ಮ ಸೀಮೆಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 1929ರಲ್ಲಿ ಭೂ ಅಡಮಾನ ಬ್ಯಾಂಕು ಸ್ಥಾಪಿತವಾದಾಗ, ಹೆಚ್ಚು ಬಡ್ಡಿಯ ಹಳೆಯ ಸಾಲಗಳನ್ನು ತೀರಿಸಿ ಅವುಗಳ ಬದಲಿಗೆ ಕಡಮೆ ಬಡ್ಡಿಯ ದೀರ್ಘಾವಧಿಯ ಸಾಲವನ್ನು ಕೊಡುವುದೇ ಅಂಥ ಬ್ಯಾಂಕುಗಳ ಮುಖ್ಯ ಕೆಲಸವಾಗಿತ್ತು. ಆ ಸಂಸ್ಥೆಯೇ ಮುಂದೆ ಕರ್ನಾಟಕ ರಾಜ್ಯ ಸಹಕಾರ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕೆಂಬ ಹೆಸರನ್ನು ಪಡೆಯಿತು. ತಾಲ್ಲೂಕುಗಳಲ್ಲಿ ಅದಕ್ಕೆ ಸೇರಿದ ಬ್ಯಾಂಕುಗಳನ್ನು ಜನರು ಈಗಲೂ ಪಿ.ಎಲ್.ಡಿ. ಬ್ಯಾಂಕೆಂದೇ ಕರೆಯುವರು.

ಮೊದಲು ಖಾಸಗಿ ಸಾಹುಕಾರನ ಸಾಲವನ್ನು ನೋಡೋಣ. ಹಳ್ಳಿಗಳಲ್ಲಿ ಬಡ್ಡಿಯನ್ನು ತಿಂಗಳಿಗೆ ನೂರಕ್ಕೆ ಇಷ್ಟು ರೂಪಾಯಿ ಎಂದು ಹೇಳುವ ರೂಢಿಯಿದೆ. ಎರಡು ರೂಪಾಯಿ ಬಡ್ಡಿ ಎಂದರೆ ಕೇಳುವುದಕ್ಕೆ ಅಲ್ಪವಾಗಿ ತೋರುವುದು. ವರ್ಷದ ಲೆಕ್ಕಕ್ಕೆ ಅದು ನೂರಕ್ಕೆ 24 ಆಗುವುದು. ಒಬ್ಬ ರೈತನು ಈ ದರದಲ್ಲಿ 3,00,000 ರೂಪಾಯಿ ಸಾಲ ಮಾಡಿದ್ದಾನೆಂದು ಇಟ್ಟುಕೊಳ್ಳೋಣ. ಅವನು ವರ್ಷಕ್ಕೆ 72,000 ರೂಪಾಯಿ ಬಡ್ಡಿ ಕೊಡಬೇಕು. ಹತ್ತು ವರ್ಷ ತಪ್ಪದೆ ಕೊಟ್ಟರೆ 7,20,000 ರೂಪಾಯಿ ಕೊಟ್ಟಂತಾಯಿತು. ಅಸಲು ಮಾತ್ರ ಒಂದು ರೂಪಾಯಿಯೂ ಇಳಿದಿರುವುದಿಲ್ಲ. ಇದೇ ಸಾಲವು ನೂರಕ್ಕೆ 12ರಂತೆ, ವರ್ಷಕ್ಕೊಂದು ಸಮಕಂತಿನಲ್ಲಿ ಹತ್ತು ವರ್ಷಕ್ಕೆ ತೀರುವಂತೆ ಬೇರೆ ಕಡೆ ದೊರೆತರೆ ಕಂತು ಸುಮಾರು 53,100 ರೂಪಾಯಿ ಆಗುವುದು. ಮುಂಚೆ ಬಡ್ಡಿಗೆಂದೇ ಕೊಡುತ್ತಿದ್ದುದಕ್ಕಿಂತ ಇದು ಕಡಮೆ. ಹತ್ತನೆಯ ವರ್ಷದಲ್ಲಿ ಜಮೀನೂ ಋಣಮುಕ್ತವಾಗುವುದು. ಅವನು ಮೊದಲಿನಂತೆಯೇ 72,000 ರೂಪಾಯನ್ನು ವರ್ಷವರ್ಷವೂ ಕಟ್ಟಲು ಶಕ್ತನಾದರೆ, ಆರು ವರ್ಷಗಳ ಕೊನೆಗೆ ಎಂಟು ಸಾವಿರಕ್ಕೂ ಕಡಮೆ ಬಾಕಿ ಉಳಿಯುವುದು. ಇಂಥ ಸಂದರ್ಭದಲ್ಲಿ ಬದಲಾಯಿಸುವುದಕ್ಕೆ ಇಪ್ಪತ್ತು ಸಾವಿರ ಖರ್ಚಾದರೂ ಮೊದಲನೆಯ ವರ್ಷದ ಬಡ್ಡಿಯ ಉಳಿತಾಯದಲ್ಲಿಯೇ ಅದು ಹಿಂದಿರುಗುವುದು. ಇಲ್ಲಿ ತಡಮಾಡಲು ಕಾರಣವಿಲ್ಲ.

ಆದರೆ ಎಲ್ಲ ಬಡ್ಡಿಯೂ ಪತ್ರದಲ್ಲಿ ಬರೆದಿರುವುದಿಲ್ಲ. ಬೆಳೆಯನ್ನು ತನಗೇ ಮಾರಬೇಕೆಂಬ ಕರಾರಿನ ಮೇಲೆ ಮಂಡಿಯವನು ಕೊಟ್ಟ ಹಣವನ್ನು ನೋಡಿರಿ. ಎರಡು ಲಕ್ಷ ರೂಪಾಯಿಗೆ ನೂರಕ್ಕೆ 12ರಂತೆ ಬಡ್ಡಿ ಎಂದು ಬರೆದಿರಬಹುದು. ರೈತನು ವರ್ಷಕ್ಕೆ ಹತ್ತು ಕ್ವಿಂಟಾಲು ಅಡಿಕೆಯನ್ನು ಅಲ್ಲಿಯೇ ಹಾಕಿ, ಪೇಟೆಯ ಧಾರಣೆಗಿಂತ ಕ್ವಿಂಟಾಲಿಗೆ ಒಂದು ಸಾವಿರ ರೂಪಾಯಿ ಕಡಮೆ ಪಡೆದರೆ ಹತ್ತು ಸಾವಿರ ರೂಪಾಯಿ ಅಲ್ಲಿ ಹೋಯಿತು. ಅದನ್ನೂ ಬಡ್ಡಿಗೆ ಸೇರಿಸಿದರೆ ನಿಜವಾದ ದರವು 12 ಅಲ್ಲ, 17. ತೂಕದಲ್ಲಿ ಹೋಗುವುದು ಬೇರೆ. ಬ್ಯಾಂಕಿನ 13ಕ್ಕಿಂತ ಸಾಹುಕಾರನ 12 ಅಗ್ಗವೆಂದು ಹೇಳುವ ರೈತನು ಈ ಲೆಕ್ಕವನ್ನು ಒಮ್ಮೆ ಹಾಕತಕ್ಕದ್ದು.

ಭೋಗ್ಯದ ಸಾಲವೂ ಹೀಗೆಯೇ. ಬಡ್ಡಿಯಿಲ್ಲ, ಜಮೀನಿನ ಫಲವನ್ನು ಸಾಲ ಕೊಟ್ಟವನು ಅನುಭವಿಸುವನು ಎಂಬುದು ಅದರ ಕ್ರಮ. ಬಡ್ಡಿಯಿಲ್ಲವೆಂಬ ಮಾತೇ ಅನೇಕರಿಗೆ ಸಮಾಧಾನ. ಒಂದೂವರೆ ಲಕ್ಷಕ್ಕೆ ಒಂದು ಎಕರೆ ಗದ್ದೆಯನ್ನು ಭೋಗ್ಯಕ್ಕೆ ಹಾಕಿದ್ದು, ಬೀಜ, ಗೊಬ್ಬರ, ಆಳುಗಳ ಖರ್ಚನ್ನು ಕಳೆದು ಆ ಗದ್ದೆಯಿಂದ ವರ್ಷಕ್ಕೆ ಮೂವತ್ತು ಸಾವಿರ ಉಳಿಯುವುದಾದರೆ, ಅದು ನೂರಕ್ಕೆ 20ರ ಬಡ್ಡಿಯೇ ಸರಿ. ನೂರಕ್ಕೆ 12ರಂತೆ ಸಾಲ ತಂದು ಭೋಗ್ಯವನ್ನು ಬಿಡಿಸಿಕೊಂಡರೆ ಬಡ್ಡಿಯು 18,000 ರೂಪಾಯಿ ಆಗುವುದು. ಉಳಿದ 12,000 ಅಸಲಿಗೆ ಒದಗುವುದು. ಆದರೆ ಗದ್ದೆಯನ್ನು ಬಿಡಿಸಿಕೊಂಡವನು ಅದನ್ನು ತಾನೇ ಸಾಗುವಳಿ ಮಾಡಲು ಶಕ್ತನಾಗಿರಬೇಕು. ಎತ್ತು, ಆಳು, ಬಿತ್ತನೆಗೆ ಕೈಹಣ ಇಲ್ಲದೆ ಬಿಡಿಸಿಕೊಂಡ ಗದ್ದೆಯು ಬೀಳು ಬಿದ್ದು, ಹೊಸ ಸಾಲದ ಕಂತಿಗೆ ಅದೇ ಗದ್ದೆಯನ್ನು ಮಾರಬೇಕಾಗಿ ಬಂದೀತು.

ಬಡ್ಡಿಯನ್ನು ಲೆಕ್ಕ ಮಾಡುವ ಕ್ರಮದಲ್ಲಿಯೂ ಎಚ್ಚರ ಬೇಕು. ಕಂತು ಕಟ್ಟಿದಂತೆಲ್ಲಾ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವುದು ಒಂದು ಕ್ರಮ. ಅಸಲು ಎಷ್ಟೇ ಇಳಿದರೂ ಮೊದಲು ಕೊಟ್ಟ ಪೂರ್ತಿ ಮೊತ್ತದ ಮೇಲೆಯೇ ಕೊನೆಯವರೆಗೆ ಬಡ್ಡಿ ಹಾಕುವುದು ಇನ್ನೊಂದು ಕ್ರಮ. ಎರಡನೆಯ ಕ್ರಮದಲ್ಲಿ ಒಂದು ಲಕ್ಷಕ್ಕೆ ನೂರಕ್ಕೆ 8ರಂತೆ ಐದು ವರ್ಷಕ್ಕೆ 40,000 ರೂಪಾಯಿ ಬಡ್ಡಿಯಾಗಿ, ವರ್ಷಕ್ಕೆ 28,000ದ ಕಂತು ಬೀಳುವುದು. ಇದನ್ನು ಮೊದಲನೆಯ ಕ್ರಮಕ್ಕೆ ತಿರುಗಿಸಿದರೆ ದರವು ನೂರಕ್ಕೆ 12ಕ್ಕೂ ಮೀರುವುದು. ಹನ್ನೊಂದರ ಸಾಲವನ್ನು ಬಿಟ್ಟು ಇಂಥ ಎಂಟರ ಸಾಲಕ್ಕೆ ಹೋದವನು ಕಡಮೆಯೆಂದು ನಂಬಿ ಹೆಚ್ಚಿಗೆ ತೆರುವನು. ದರವನ್ನು ಕೇಳುವ ಬದಲು, ಪ್ರತಿ ಕಂತು ಎಷ್ಟು, ಕಂತುಗಳು ಎಷ್ಟು, ಎಲ್ಲವನ್ನೂ ಕೂಡಿಸಿದರೆ ಎಷ್ಟು ಎಂದು ಕೇಳಿ ಬರೆಸಿಕೊಳ್ಳುವುದು ಸುಲಭವಾದ ಉಪಾಯ.

ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೆ ಹೋಗುವಾಗ

ಇಲ್ಲಿ ದರದ ವ್ಯತ್ಯಾಸವು ಅಲ್ಪವಾಗಿರುವುದರಿಂದ ಲೆಕ್ಕವು ಇನ್ನೂ ಸೂಕ್ಷ್ಮವಾಗಿರಬೇಕು. ಇಬ್ಬರು ಅಣ್ಣತಮ್ಮಂದಿರು ನೂರಕ್ಕೆ 11ರ ಸಾಲದಲ್ಲಿದ್ದಾರೆ. ಇಬ್ಬರಿಗೂ ಒಂಬತ್ತೂವರೆಯ ದರದಲ್ಲಿ ಬೇರೆ ಕಡೆ ಸಾಲ ಸಿಕ್ಕುವಂತಿದೆ ಎಂದು ಎಣಿಸೋಣ. ಅಣ್ಣನ ಬಾಕಿ ಆರು ಲಕ್ಷ, ಉಳಿದ ಅವಧಿ ಹನ್ನೆರಡು ವರ್ಷ. ಅವನ ವರ್ಷದ ಕಂತು ಸುಮಾರು 92,400ರಿಂದ 85,900ಕ್ಕೆ ಇಳಿದು, ಹನ್ನೆರಡು ವರ್ಷಕ್ಕೆ ಸುಮಾರು 78,000 ರೂಪಾಯಿ ಉಳಿಯುವುದು. ತಮ್ಮನ ಬಾಕಿ ಎರಡು ಲಕ್ಷ, ಉಳಿದ ಅವಧಿ ಮೂರೇ ವರ್ಷ. ಅವನಿಗೆ ವರ್ಷಕ್ಕೆ 2,100 ರೂಪಾಯಿಗಿಂತ ಸ್ವಲ್ಪ ಹೆಚ್ಚಾಗಿ, ಮೂರು ವರ್ಷಕ್ಕೆ ಸುಮಾರು 6,400 ಉಳಿಯುವುದು. ಹೊಸ ಬ್ಯಾಂಕಿನ ಶುಲ್ಕ, ವಕೀಲರ ಅಭಿಪ್ರಾಯ, ಜಮೀನಿನ ಬೆಲೆ ಕಟ್ಟುವವರ ಫೀಜು, ಮುದ್ರಾಂಕ, ನೋಂದಣಿ, ಓಡಾಟ ಇವೆಲ್ಲ ಸೇರಿ ಒಬ್ಬೊಬ್ಬರಿಗೆ 15,000 ಖರ್ಚು ಬಂದರೆ ಅಣ್ಣನಿಗೆ ಲಾಭ, ತಮ್ಮನಿಗೆ ಎಂಟು ಸಾವಿರಕ್ಕೂ ಮಿಕ್ಕು ನಷ್ಟ. ದರ ಒಂದೇ, ಊರು ಒಂದೇ, ಬ್ಯಾಂಕೂ ಒಂದೇ. ಅಣ್ಣ ಹೋದನೆಂದು ತಮ್ಮನೂ ಹೋಗತಕ್ಕದ್ದಲ್ಲ.

ಇದಕ್ಕೂ ಮುಂಚೆ ಮಾಡಬಹುದಾದ ಕೆಲಸವೊಂದುಂಟು. ಹೊಸ ಬ್ಯಾಂಕಿನ ದರವನ್ನು ಬರೆಹದಲ್ಲಿ ಪಡೆದು ಹಳೆಯ ಬ್ಯಾಂಕಿಗೆ ತೋರಿಸಿ, ದರವನ್ನು ಇಳಿಸುವಿರಾ ಎಂದು ಕೇಳುವುದು. ಕಂತನ್ನು ತಪ್ಪದೆ ಕಟ್ಟುವ ಸಾಲಗಾರನನ್ನು ಕಳೆದುಕೊಳ್ಳಲು ಯಾವ ಬ್ಯಾಂಕಿಗೂ ಇಷ್ಟವಿರುವುದಿಲ್ಲ. ಇಳಿಸಿದರೆ ಅಲ್ಪ ಖರ್ಚಿನಲ್ಲಿಯೇ ಕೆಲಸ ಮುಗಿಯಿತು. ಖಾಸಗಿ ಸಾಹುಕಾರನಿಗೂ ಹೀಗೆ ಹೇಳಿ ನೋಡಬಹುದು; ಗ್ರಾಮದ ಮುಖಂಡರು ಎದುರಿಗಿದ್ದರೆ ಆ ಮಾತಿಗೆ ತೂಕ ಬರುವುದು.

ಅವಧಿಯನ್ನು ಬೆಳೆಸುವ ಅಪಾಯ

ಸಾಲ ಬದಲಾಯಿಸಿದವರಲ್ಲಿ ಹೆಚ್ಚು ಮಂದಿ ಮೋಸಹೋಗುವುದು ಇಲ್ಲಿಯೇ. ಮೋಸವೆಂದರೆ ಯಾರೋ ಮಾಡಿದ್ದಲ್ಲ. ಕಂತು ಇಳಿಯಿತೆಂಬ ಸಂತೋಷದಲ್ಲಿ ತಾವೇ ಮಾಡಿಕೊಂಡದ್ದು. ಒಬ್ಬನಿಗೆ ನೂರಕ್ಕೆ 12ರಂತೆ ನಾಲ್ಕು ಲಕ್ಷ ಬಾಕಿಯಿದ್ದು, ಐದು ವರ್ಷ ಉಳಿದಿದೆ. ಕಂತು ಸುಮಾರು 1,11,000 ರೂಪಾಯಿ. ಐದು ವರ್ಷದಲ್ಲಿ ಅವನು ಕೊಡಬೇಕಾದ ಬಡ್ಡಿ ಸುಮಾರು 1,54,800. ಹೊಸ ಬ್ಯಾಂಕು ನೂರಕ್ಕೆ 10ರಂತೆ ಹದಿನೈದು ವರ್ಷಕ್ಕೆ ಕೊಡುವುದಾಗಿ ಹೇಳುವುದು. ಕಂತು ಸುಮಾರು 52,600ಕ್ಕೆ ಇಳಿಯುವುದು. ದರ ಇಳಿಯಿತು, ಕಂತು ಅರ್ಧಕ್ಕಿಂತ ಕಡಮೆಯಾಯಿತು, ಮನೆಯವರೆಲ್ಲರಿಗೂ ಹರ್ಷ. ಆದರೆ ಹದಿನೈದು ವರ್ಷಕ್ಕೆ ಅವನು ತೆರುವ ಬಡ್ಡಿ ಸುಮಾರು 3,88,800 ರೂಪಾಯಿ. ಎರಡು ಲಕ್ಷದ ಮೂವತ್ತುನಾಲ್ಕು ಸಾವಿರ ಹೆಚ್ಚಿಗೆ ಹೋಯಿತು. ಜಮೀನು ಇನ್ನೂ ಹತ್ತು ವರ್ಷ ಅಡವಿನಲ್ಲಿ ನಿಂತಿತು. ಆ ಹತ್ತು ವರ್ಷಗಳಲ್ಲಿ ಎಷ್ಟು ಸಲ ಮಳೆ ತಪ್ಪುವುದೋ ಯಾರು ಬಲ್ಲರು.

ಅದೇ ಹೊಸ ಸಾಲದಲ್ಲಿ ಅವನು ಹಳೆಯ 1,11,000ದ ಕಂತನ್ನೇ ಕಟ್ಟುತ್ತಾ ಬಂದರೆ ಐದನೆಯ ವರ್ಷ ಸುಮಾರು 77,700 ಕಟ್ಟಿದರೆ ಸಾಕು, ಸಾಲ ತೀರುವುದು. ಮೂವತ್ತಮೂರು ಸಾವಿರ ಉಳಿಯುವುದು. ಆದುದರಿಂದ ಹೊಸ ಸಾಲದ ಅವಧಿಯು ಹಳೆಯ ಸಾಲದಲ್ಲಿ ಉಳಿದಿರುವ ಅವಧಿಗಿಂತ ಹೆಚ್ಚಾಗದಂತೆ ಬರೆಸತಕ್ಕದ್ದು. ಹೆಚ್ಚಾಗಲೇಬೇಕಾದರೆ, ಕಂತಿಗಿಂತ ಅಧಿಕವಾಗಿ ಕಟ್ಟಿದ ಹಣವನ್ನು ದಂಡವಿಲ್ಲದೆ ಅಸಲಿಗೆ ಜಮೆ ಮಾಡುವರೆಂಬುದನ್ನು ಪತ್ರದಲ್ಲಿ ನೋಡಿಕೊಳ್ಳತಕ್ಕದ್ದು.

ನಿಜವಾಗಿ ಕಂತನ್ನು ಕಟ್ಟಲಾಗದೆ ಜಮೀನು ಹರಾಜಿಗೆ ಬರುವ ಸ್ಥಿತಿಯಲ್ಲಿರುವವನ ವಿಷಯ ಬೇರೆ. ಅವನು ಬಡ್ಡಿ ಹೆಚ್ಚಾದರೂ ಅವಧಿ ಬೆಳೆಸಿ ಜಮೀನನ್ನು ಉಳಿಸಿಕೊಳ್ಳುವುದೇ ವಿವೇಕ. ಅದು ಲಾಭದ ವ್ಯವಹಾರವಲ್ಲ, ಉಳಿವಿನ ವ್ಯವಹಾರ. ಹಾಗೆಂದು ತಿಳಿದೇ ಮಾಡಬೇಕು.

ಇದರ ಜೊತೆಗೆ ಬರುವ ಇನ್ನೊಂದು ಆಸೆಯೆಂದರೆ, ಜಮೀನಿನ ಬೆಲೆ ಏರಿದೆ, ಹಳೆಯ ಬಾಕಿಯ ಮೇಲೆ ಇನ್ನೂ ಎರಡು ಲಕ್ಷ ಸೇರಿಸಿ ಕೊಡುವೆವು ಎಂಬ ಮಾತು. ಕೊಳವೆ ಬಾವಿಗೋ, ತೋಟಕ್ಕೋ, ಹಸುಗಳಿಗೋ ಆ ಹಣ ಬೇಕಾಗಿದ್ದರೆ ಅದರ ಆದಾಯವನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು. ಮದುವೆಗೆ ಒದಗಲೆಂದು ಸೇರಿಸಿಕೊಂಡರೆ, ಬಡ್ಡಿ ಕಡಮೆಮಾಡಿಕೊಳ್ಳಲು ಹೊರಟವನು ಸಾಲವನ್ನೇ ಹೆಚ್ಚಿಸಿಕೊಂಡು ಬಂದಂತಾಗುವುದು.

ಕಂತಿನ ಕಾಲವೂ ಮುಖ್ಯ. ರಾಗಿ, ಜೋಳ, ಶೇಂಗಾ ಬೆಳೆಯುವ ಖುಷ್ಕಿಯ ರೈತನ ಕೈಗೆ ಹಣ ಬರುವುದು ಸುಗ್ಗಿಯಲ್ಲಿ. ಅಂಥವನು ದರ ಒಂದು ರೂಪಾಯಿ ಕಡಮೆಯೆಂದು ತಿಂಗಳ ಕಂತಿನ ಸಾಲಕ್ಕೆ ಹೋದರೆ, ಆಷಾಢದ ಕಂತಿಗೆ ಕೈಗಡ ಮಾಡಬೇಕಾಗುವುದು. ಆ ಕೈಗಡದ ಬಡ್ಡಿಯೂ ತಪ್ಪಿದ ಕಂತಿನ ದಂಡವೂ ಉಳಿತಾಯವನ್ನು ನುಂಗುವುವು. ಹಾಲಿನ ಡೇರಿಗೆ ಹಾಲು ಹಾಕುವವನಿಗೆ, ವರ್ಷಕ್ಕೆ ಹಲವು ಸಲ ರೇಷ್ಮೆ ಗೂಡು ಮಾರುವವನಿಗೆ ತಿಂಗಳ ಕಂತು ಹೊಂದೀತು.

ಸರಕಾರದ ಬಡ್ಡಿ ರಿಯಾಯಿತಿಯಲ್ಲಿ ಸಹಕಾರ ಸಂಘದಿಂದ ಸಾಲ ಪಡೆದಿರುವವರು ಅದನ್ನು ಬಿಟ್ಟು ಬೇರೆ ಕಡೆಗೆ ಹೋಗುವುದಕ್ಕೆ ಕಾರಣವೇ ಕಾಣುವುದಿಲ್ಲ. ಕರ್ನಾಟಕದಲ್ಲಿ 2023ರ ಜುಲೈ ತಿಂಗಳ ಆಯವ್ಯಯದಲ್ಲಿ, ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೂ, ನೂರಕ್ಕೆ 3ರ ಬಡ್ಡಿಯ ಮಧ್ಯಮಾವಧಿ ಮತ್ತು ದೀರ್ಘಾವಧಿ ಸಾಲದ ಮಿತಿಯನ್ನು ಹತ್ತು ಲಕ್ಷದಿಂದ ಹದಿನೈದು ಲಕ್ಷಕ್ಕೂ ಏರಿಸಿರುವುದಾಗಿ ಪ್ರಕಟಿಸಲಾಯಿತು. ಈ ರಿಯಾಯಿತಿಯು ವಾಯಿದೆಗೆ ಸರಿಯಾಗಿ ಕಟ್ಟುವವರಿಗೆ ಉದ್ದೇಶಿಸಿದ್ದು. ಇವು ಬೇಸಾಯದ ಗೊತ್ತಾದ ಕಾರ್ಯಗಳಿಗೆ ಕೊಡುವ ಸಾಲಗಳಾದುದರಿಂದ, ಸಾಹುಕಾರನ ಹಳೆಯ ಋಣವನ್ನು ತೀರಿಸಲು ಸಿಕ್ಕಿಯೇ ಸಿಕ್ಕುವುವೆಂದು ಎಣಿಸಿ ಮಾತುಕೊಡುವುದು ಸಲ್ಲದು. ಮೊದಲು ಸಂಘದಲ್ಲಿ ವಿಚಾರಿಸತಕ್ಕದ್ದು.

ಕಾಗದಪತ್ರಗಳ ವಿಷಯ

ಅನೇಕ ರೈತರು ಹೆಚ್ಚು ಬಡ್ಡಿಯ ಸಾಹುಕಾರನಲ್ಲಿಯೇ ಉಳಿದಿರುವುದು ಲೆಕ್ಕ ತಿಳಿಯದೆ ಅಲ್ಲ, ಖಾತೆ ತಮ್ಮ ಹೆಸರಿನಲ್ಲಿ ಇಲ್ಲದುದರಿಂದ. ತಂದೆ ತೀರಿಕೊಂಡು ಇಪ್ಪತ್ತು ವರ್ಷವಾದರೂ ಪಹಣಿಯಲ್ಲಿ ಅವರ ಹೆಸರೇ ಇರುವುದು. ಬಾಯಿಮಾತಿನ ವಿಭಾಗವಾಗಿದ್ದು ಪೋಡಿ ಆಗಿರುವುದಿಲ್ಲ. ಸಾಹುಕಾರನು ಇದನ್ನು ಕೇಳುವುದಿಲ್ಲ. ಬ್ಯಾಂಕು ಕೇಳದೆ ಬಿಡುವುದಿಲ್ಲ. ಆದ್ದರಿಂದ ಸಾಲ ಬದಲಾಯಿಸುವ ಯೋಚನೆಯಿರುವವನು ಪೌತಿ ಖಾತೆಯ ಅರ್ಜಿಯನ್ನು ಮೊದಲು ಕೊಡತಕ್ಕದ್ದು. ಅಣ್ಣತಮ್ಮಂದಿರ, ಅಕ್ಕತಂಗಿಯರ ಹಕ್ಕುಗಳನ್ನು ಇತ್ಯರ್ಥಪಡಿಸಿಕೊಳ್ಳುವುದಕ್ಕೆ ಕಾಲ ಹಿಡಿಯುವುದು. ಹೊಸ ಬ್ಯಾಂಕಿನ ದರವು ಅಲ್ಲಿಯವರೆಗೆ ಕಾದುಕೊಂಡಿರುವುದಿಲ್ಲ. ಗ್ರಾಮದ ಮುಖಂಡರು ತಮ್ಮ ಊರಿನಲ್ಲಿ ಇಂಥ ಖಾತೆಗಳೆಷ್ಟಿವೆಯೆಂದು ನೋಡಿ, ಸುಗ್ಗಿಯ ನಂತರದ ಬಿಡುವಿನಲ್ಲಿ ಅವುಗಳನ್ನು ಸರಿಪಡಿಸಿಕೊಳ್ಳಲು ಪ್ರೇರಿಸಿದರೆ ಊರಿಗೆ ದೊಡ್ಡ ಉಪಕಾರವಾಗುವುದು.

ಸಾಹುಕಾರನು ಹಣವನ್ನು ತೆಗೆದುಕೊಳ್ಳಲೊಲ್ಲದೆ ಸತಾಯಿಸುವುದೂ ಉಂಟು. ಜಮೀನು ಕೈಗೆ ಬಂದೀತೆಂದು ಕಾದಿರುವವನಿಗೆ ಸಾಲ ತೀರುವುದು ಬೇಕಾಗಿರುವುದಿಲ್ಲ. ಇದಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯಲ್ಲಿ ಪರಿಹಾರವಿದೆ. ಅಸಲಿನ ವಾಯಿದೆ ಬಂದ ಮೇಲೆ ಹಣವನ್ನು ಕೊಟ್ಟು ಅಡಮಾನವನ್ನು ಬಿಡಿಸಿಕೊಳ್ಳುವ ಹಕ್ಕನ್ನು 60ನೆಯ ಕಲಮು ಸಾಲಗಾರನಿಗೆ ಕೊಟ್ಟಿದೆ. ಹಣ ಬೇಡವೆಂದರೆ, 83ನೆಯ ಕಲಮಿನಂತೆ ಬಾಕಿಯನ್ನು ನ್ಯಾಯಾಲಯದಲ್ಲಿ ಠೇವಣಿ ಇಡಬಹುದು. ಕ್ರಮವಾಗಿ ಠೇವಣಿಯಿಟ್ಟು ಸಾಲ ಕೊಟ್ಟವನಿಗೆ ನೋಟೀಸು ಜಾರಿಯಾದ ಮೇಲೆ ಅಸಲಿನ ಮೇಲೆ ಬಡ್ಡಿ ಓಡುವುದಿಲ್ಲ. 1929ರಲ್ಲಿ ಸೇರಿಸಿದ 60-ಎ ಕಲಮಿನ ಪ್ರಕಾರ, ಬಿಡಿಸಿಕೊಳ್ಳುವ ಹಕ್ಕು ಬಂದಿರುವ ಸಾಲಗಾರನು ತಾನು ಹೇಳಿದ ಮೂರನೆಯವರ ಹೆಸರಿಗೇ ಅಡಮಾನವನ್ನು ವರ್ಗಾಯಿಸಿಕೊಡೆಂದು ಕೇಳಬಹುದು; ಜಮೀನು ಸಾಲ ಕೊಟ್ಟವನ ಸ್ವಾಧೀನದಲ್ಲಿದ್ದರೆ ಮಾತ್ರ ಇದು ಅನ್ವಯಿಸದು. ವಾಯಿದೆಗೆ ಮುಂಚೆಯೇ ತೀರಿಸಬೇಕಾದರೆ ಪತ್ರದ ಷರತ್ತು ಹೇಗಿದೆಯೋ ಹಾಗೆ. ಆದುದರಿಂದ ಹಳೆಯ ಪತ್ರವನ್ನು ಬಲ್ಲವರಿಂದ ಓದಿಸಿಕೊಂಡೇ ಮುಂದಿನ ಮಾತು.

ಹಳ್ಳಿಯಲ್ಲಿಯೋ ಪೇಟೆಯಲ್ಲಿಯೋ ಮನೆಯ ಮೇಲೆ ಬ್ಯಾಂಕಿನ ಸಾಲ ಪಡೆದವರಿಗೆ ಅನುಕೂಲವು ಇನ್ನೂ ಹೆಚ್ಚು. ಬದಲಾಗುವ ಬಡ್ಡಿಯ ಮನೆ ಸಾಲವನ್ನು ಅವಧಿಗೆ ಮುಂಚೆ ತೀರಿಸಿದ್ದಕ್ಕೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿ ಬ್ಯಾಂಕುಗಳಿಗೆ ಆಜ್ಞಾಪಿಸಿತು. ಪೂರ್ತಿ ತೀರಿಸಿದ ಮೂವತ್ತು ದಿನಗಳೊಳಗೆ ಮೂಲ ದಸ್ತಾವೇಜುಗಳನ್ನು ಹಿಂದಿರುಗಿಸಬೇಕೆಂದೂ, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದೂ 2023ರಲ್ಲಿ ವಿಧಿಸಿತು. ಜಮೀನಿನ ಬೇಸಾಯದ ಸಾಲಕ್ಕೂ ಇದೇ ನಿಯಮವೆಂದು ಭಾವಿಸದೆ, ಅದರ ಷರತ್ತುಗಳನ್ನು ಬೇರೆಯಾಗಿಯೇ ನೋಡತಕ್ಕದ್ದು.

ಬದಲಾಯಿಸುವುದು ಹಿತವೆಂದು ಲೆಕ್ಕದಿಂದ ಗೊತ್ತಾದ ಮೇಲೆ, ಹೊಸ ಸಾಲದ ಮಂಜೂರಾತಿ ಪತ್ರವು ಕೈಗೆ ಬರುವವರೆಗೆ ಹಳೆಯ ಕಂತನ್ನು ನಿಲ್ಲಿಸಬಾರದು. ಇಂಥ ತಾರೀಖಿಗೆ ಅಸಲು ಇಷ್ಟು, ಬಡ್ಡಿ ಇಷ್ಟು, ಇದನ್ನು ಕೊಟ್ಟರೆ ಪೂರ್ತಿ ತೀರಿತು ಎಂಬ ಲೆಕ್ಕವನ್ನು ಹಳೆಯವರಿಂದ ಸಹಿಯೊಡನೆ ಪಡೆಯಬೇಕು. ಹಣವು ಹೊಸ ಬ್ಯಾಂಕಿನಿಂದ ಹಳೆಯವರಿಗೆ ನೇರವಾಗಿ ಹೋಗುವುದು ಮೇಲು. ರೈತನ ಕೈಯಲ್ಲಿ ಒಂದು ರಾತ್ರಿ ತಂಗಿದ ಹಣಕ್ಕೆ ಹತ್ತು ದಾರಿ. ಖಾಸಗಿಯವರಿಗೆ ಕೊಡುವಾಗ ಇಬ್ಬರು ಸಾಕ್ಷಿಗಳ ಎದುರಿನಲ್ಲಿ ಕೊಟ್ಟು ರಸೀದಿ ಪಡೆದು, ಬರೆದುಕೊಟ್ಟಿದ್ದ ಪತ್ರಗಳನ್ನೂ ಸಹಿ ಮಾಡಿದ ಖಾಲಿ ಕಾಗದ ಅಥವಾ ಚೆಕ್ಕುಗಳಿದ್ದರೆ ಅವುಗಳನ್ನೂ ಅಲ್ಲಿಯೇ ಹಿಂದಕ್ಕೆ ತೆಗೆದುಕೊಳ್ಳತಕ್ಕದ್ದು. ನೋಂದಣಿಯಾದ ಅಡಮಾನವಾಗಿದ್ದರೆ ರಸೀದಿಯೊಂದೇ ಸಾಲದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣ ತೀರಿದ ಪತ್ರವನ್ನು ನೋಂದಣಿ ಮಾಡಿಸಬೇಕು. ಆಮೇಲೆ ಋಣಭಾರ ಪತ್ರವನ್ನೂ ಪಹಣಿಯನ್ನೂ ಹೊಸದಾಗಿ ತೆಗೆಸಿ, ಹಳೆಯ ಸಾಲದ ನಮೂದು ಹೋಗಿರುವುದೆಂದು ಕಣ್ಣಾರೆ ನೋಡಿ, ಆ ಪ್ರತಿಗಳನ್ನು ರಸೀದಿಯೊಡನೆ ಮನೆಯಲ್ಲಿ ಇಟ್ಟುಕೊಳ್ಳತಕ್ಕದ್ದು.